ಚಮೇಲಿಯನ್ನು ಎಲ್ಲಿ ಕಟ್ಟುವುದು

ಗೋಪನಕೊಪ್ಪದ ಆ ಓಣಿಯಲ್ಲಿ ನಲವತ್ತು ಮನೆ, ಒಂದು ಕುದುರೆ. ಕುದುರೆ ಮಕ್ತುಮಸಾಬನದು ಅಂತ ಹೆಸರಿಗೆ ಹೇಳಬಹುದು. ಆದರೆ ಚಮೇಲಿಯ ಮೇಲೆ ಹಕ್ಕು ಸಾಧಿಸದ ಮನೆ ಅಲ್ಲಿ ಒಂದಿದ್ದರೆ ತೋರಿಸಿ, ನೋಡೋಣ. ಬೆಳಗ್ಗೆ ಮೊದಲ ರೊಟ್ಟಿ ಬಡಿದವರು ಅರ್ಧ ಮುರಿದುಕೊಂಡು ಬರುತ್ತಿದ್ದರು. ಪರೀಕ್ಷೆಗೆ ಹೊರಟ ಹುಡುಗಿಯರು ಬೆಲ್ಲದ ಚೂರು ತಿನ್ನಿಸಿ, ಅದರ ಹಣೆ ಮುಟ್ಟಿ ಹೋಗುತ್ತಿದ್ದರು. ಅಮಾವಾಸ್ಯೆಗೆ ಹೋಳಿಗೆ, ಈದಿಗೆ ಖರ್ಜೂರ. ಹಾಲಿನಂಥ ಬಿಳಿ ಮೈ, ದೊಡ್ಡ ಕಣ್ಣು, ಯಾರೇ ಬಂದರೂ ಮುಂಗಾಲೆತ್ತಿ ಸಲಾಮು ಹಾಕುವ ಗುಣ. ಇಂಥದ್ದಕ್ಕೆ ಇಲ್ಲ ಎನ್ನಬೇಕಾದರೆ ಎದೆ ಕಲ್ಲಾಗಿರಬೇಕು. ಓಣಿಯಲ್ಲಿ ಅಂಥ ಎದೆಯವರು ಯಾರೂ ಇರಲಿಲ್ಲ, ಅದೇ ಫಜೀತಿಗೆ ಮೂಲವಾಯಿತು.

ಮಕ್ತುಮಸಾಬನಿಗೆ ಇದೆಲ್ಲ ಹೆಮ್ಮೆಯ ಮಾತು. ಅವನಪ್ಪ ಸ್ಟೇಶನ್ ಮುಂದೆ ಟಾಂಗಾ ಹೊಡೆಯುತ್ತಿದ್ದ. ಟಾಂಗಾ ಹೋಗಿ ಆಟೋ ಬಂದ ಮೇಲೆ ಮಗ ಮದುವೆ ಮೆರವಣಿಗೆಗೆ ಇಳಿದ. ಈಗ ಅವನಿಗೆ ಅರವತ್ತೆರಡು. ಹುಬ್ಬಳ್ಳಿಯಲ್ಲಿ ವರ ಕುದುರೆ ಏರಬೇಕೆಂದರೆ ಜನ ಮೊದಲು ಕೇಳುವುದು ಚಮೇಲಿಯನ್ನೇ. "ನೂರು ಕೈ ತಿನಿಸಿ ಬೆಳೆಸಿದ ಕುದುರಿರಿ ಇದು" ಎಂದು ಅವನು ಬೀಗರ ಮುಂದೆ ಹೇಳುತ್ತಿದ್ದ. ನೂರು ಕೈ ತಿನಿಸಿದ್ದನ್ನು ಒಂದೇ ಹೊಟ್ಟೆ ಅರಗಿಸಬೇಕಲ್ಲ, ಆ ಲೆಕ್ಕ ಅವನಿಗೆ ಹೊಳೆದಿರಲಿಲ್ಲ.

ಕೆಲವರಲ್ಲಿ ಒಂದು ಪದ್ಧತಿ ಇದೆ. ವರ ಕುದುರೆ ಏರುವ ಮುಂಚೆ ಅವನ ಅಕ್ಕತಂಗಿಯರು ಕುದುರೆಗೆ ನೆನೆಸಿದ ಕಡಲೆಬೇಳೆ ತಿನ್ನಿಸಬೇಕು. ಮಾರ್ಚ್ ತಿಂಗಳ ಆ ಮದುವೆಯಲ್ಲಿ ವರನಿಗೆ ಒಡಹುಟ್ಟಿದವರು ಇಬ್ಬರೇ. ಆದರೆ ಚಿಕ್ಕಪ್ಪನ ಮಕ್ಕಳು, ಸೋದರತ್ತೆಯ ಮಕ್ಕಳು, ಅಕ್ಕನ ಗೆಳತಿಯರು ಎಲ್ಲ ಸೇರಿ ಹದಿನೇಳು ಮಂದಿ ತಾಟು ಹಿಡಿದು ಸಾಲಾಗಿ ನಿಂತರು. ಮೇಲೆ ಆ ಫೋಟೋದವನು ಬೇರೆ. "ಅಕ್ಕಾರ, ಕಣ್ಣು ಮುಚ್ಚಿತ್ತು, ಇನ್ನೊಮ್ಮೆ ತಿನಸ್ರಿ" ಎನ್ನುವುದು, ಅವರು ಇನ್ನೊಂದು ಬೊಗಸೆ ಹಿಡಿಯುವುದು. ಮಕ್ತುಮಸಾಬ ಲಗಾಮು ಹಿಡಿದು, ಪೇಟ ಸರಿಮಾಡಿಕೊಂಡು, ಪ್ರತಿ ಫೋಟೋದಲ್ಲೂ ನಕ್ಕ.

ಮಧ್ಯಾಹ್ನ ಲಾಯಕ್ಕೆ ಬಂದ ಚಮೇಲಿ ನೀರು ಮುಟ್ಟಲಿಲ್ಲ. ಮುಂಗಾಲಿನಿಂದ ನೆಲ ಕೆರೆಯಿತು. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಿತು. ಸ್ವಲ್ಪ ಹೊತ್ತಿಗೆ ಧೊಪ್ಪನೆ ಬಿದ್ದು ಹೊರಳಾಡತೊಡಗಿತು. ಕುದುರೆ ಸಾಕಿದವನಿಗೆ ಇದರ ಅರ್ಥ ಯಾರೂ ಹೇಳಬೇಕಾಗಿಲ್ಲ. ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಮುಂದೆ ಸರಿಯಬೇಕು, ಇಲ್ಲವೇ ಜೀವ ಹೋಗಬೇಕು. ಮಕ್ತುಮಸಾಬನ ಜೀವ ಬಾಯಿಗೆ ಬಂತು.

ದನದ ಡಾಕ್ಟರ್ ಜಯಾ ಅರ್ಧ ತಾಸಿನಲ್ಲಿ ಬಂದಳು. ನೋವಿಗೆ ಸೂಜಿ ಹಾಕಿ, ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆಗೆ ಎಣ್ಣೆ ಬಿಟ್ಟಳು. ಆಮೇಲೆ ನಡೆಸುವುದು. ಮಕ್ತುಮಸಾಬನ ಹೆಂಡತಿ ಗುಲ್ಜಾರಬಿ ಒಂದು ಸುತ್ತು, ಅವನೊಂದು ಸುತ್ತು, ಬೀಳಲು ಬಿಡದ ಹಾಗೆ ಓಣಿಯ ಉದ್ದಕ್ಕೂ ನಡೆಸಿದರು. ನಲವತ್ತು ಮನೆಯವರೂ ಕಟ್ಟೆಯ ಮೇಲೆ ಬಂದು ನಿಂತಿದ್ದರು. ಇನ್ನೇನು ದೀಪ ಹಚ್ಚಬೇಕು ಅನ್ನುವ ಹೊತ್ತಿಗೆ ಚಮೇಲಿ ನಿಂತು, ಬಾಲ ಎತ್ತಿ, ಲದ್ದಿ ಹಾಕಿತು. ಲದ್ದಿ ಕಂಡು ಅತ್ತ ಗಂಡಸನ್ನು ಓಣಿ ಅಂದೇ ಮೊದಲು ನೋಡಿದ್ದು.

ಜಯಾ ಕೈ ತೊಳೆದುಕೊಂಡು ಅವನನ್ನು ಹತ್ತಿರ ಕರೆದಳು. "ಕಾಕಾ, ಈ ಸಲ ಉಳದಾಳ. ಆದ್ರ ಮುಂದಿನ ಹದಿನೈದು ದಿನ ಭಾಳ ನಾಜೂಕು ಅವ. ಕಾಳಿಲ್ಲ, ರೊಟ್ಟಿ ಇಲ್ಲ, ಬೆಲ್ಲ ಇಲ್ಲ. ನೆನೆಸಿದ ಹುಲ್ಲು, ಸ್ವಲ್ಪ ಸ್ವಲ್ಪ, ದಿನಕ್ಕ ಆರು ಸಲ. ಇನ್ನೊಮ್ಮೆ ಹಿಂಗಾದ್ರ ನನ್ನ ಕೈಲೆ ಆಗೂದಿಲ್ಲ. ಎಲ್ಲಿ ಇಡ್ತೀರಿ ಅಂತ ವಿಚಾರ ಮಾಡ್ರಿ."

"ವಿಚಾರ ಮಾಡೂದೇನೈತ್ರಿ ಮೇಡಮ್ಮಾರ, ಮನಿ ಐತಲ್ಲ."

"ಮನಿ ಅದ, ಖರೇ. ಮನಿ ಸುತ್ತಲೂ ಇವರೂ ಇದ್ದಾರಲ್ರಿ" ಎಂದು ಜಯಾ ಕಟ್ಟೆಯ ಮೇಲಿನ ಮಂದಿಯ ಕಡೆ ಕಣ್ಣು ತೋರಿಸಿದಳು. ಮಂದಿಗೂ ಒಂದು ಮಾತು ಗಟ್ಟಿಸಿ ಹೇಳಿದಳು, ಯಾರೂ ಏನೂ ತಿನ್ನಿಸಬಾರದು. ಎಲ್ಲರೂ ತಲೆ ಅಲ್ಲಾಡಿಸಿದರು. ಓಣಿಯ ಮಂದಿ ಡಾಕ್ಟರರ ಮಾತಿಗೆ ಬಹಳ ಬೆಲೆ ಕೊಡುತ್ತಾರೆ, ಡಾಕ್ಟರು ಓಣಿ ದಾಟುವ ತನಕ.

ಗುಲ್ಜಾರಬಿ ಮಾತು ಕಡಿಮೆಯ ಹೆಂಗಸು. ಕಡಿಮೆ ಮಾತಿನವರನ್ನು ಕಂಡರೆ ನಾವು ಪಾಪ ಎನ್ನುತ್ತೇವೆ, ಅವರ ತಲೆ ಎಷ್ಟು ಓಡುತ್ತಿರುತ್ತದೆ ಎಂದು ನಮಗೆ ತಿಳಿಯುವುದು ಆಮೇಲೆ. ಮರುದಿನ ನಸುಕಿನಲ್ಲೇ ಎದ್ದು ಲಾಯದ ಬಾಗಿಲಿಗೆ ಒಂದು ಚಾದರ ಕಟ್ಟಿದಳು. ಮುಂದೆ ಒಂದು ನೀಲಿ ಬಕೀಟು ಇಟ್ಟು, ಪಕ್ಕದಲ್ಲಿ ಕುಳಿತು ಹೊಲಿಗೆ ಹಿಡಿದಳು. ಬಂದವರಿಗೆಲ್ಲ ಒಂದೇ ಮಾತು: "ಮಲಗ್ಯಾಳ, ಎಬ್ಬಿಸಬ್ಯಾಡ್ರಿ. ತಂದದ್ದು ಇದರಾಗ ಹಾಕಿ ಹೋಗ್ರಿ, ಎದ್ದ ಮ್ಯಾಲ ನಾ ನೋಡ್ತೇನಿ."

ಅವರದೂ ಒಂದೇ ಮಾತು. "ಡಾಕ್ಟರು ಬ್ಯಾಡ ಅಂದಾರ, ಗೊತ್ತೈತಿ ಚಾಚಿ. ಒಂದ ತುತ್ತಿಗೆ ಏನಾಗತೈತಿ?"

ಹನಿ ಹನಿ ಕೂಡಿದರೆ ಹಳ್ಳ ಎನ್ನುವುದು ನೀರಿಗೆ ಮಾತ್ರ ಅಲ್ಲ. ಸಂಜೆ ಗುಲ್ಜಾರಬಿ ಗಂಡನನ್ನು ಕರೆದು ಬಕೀಟು ತೋರಿಸಿದಾಗ ಅದು ಕಂಠದ ತನಕ ತುಂಬಿತ್ತು. ಮಕ್ತುಮಸಾಬ ಸಿಟ್ಟಿನಿಂದ ಕೆಂಪಾದ. ಒಂದೊಂದೇ ಎತ್ತಿ ನೆಲಕ್ಕೆ ಬಡಿಯತೊಡಗಿದ. "ಈ ದಪ್ಪ ರೊಟ್ಟಿ ಜರೀನಾಂದು, ಆಕಿ ಬಿಟ್ರ ಇಷ್ಟು ದಪ್ಪ ಯಾರು ಬಡೀತಾರ. ಈ ಹೋಳಿಗಿ ಮಾಲತೇಶನ ಮನೀದು. ಈ ಮಂದಿಗೆ ಏನಾರ ಬುದ್ಧಿ ಐತೇನ? ಸಾಯೂ ಜೀವಾ ಉಳದೈತಿ, ಅದಕ್ಕ ತಿನಸಾಕ ನಿಂತಾರ. ಇವರನ್ನ ಓಣ್ಯಾಗ ಇಟ್ಟುಕೊಂಡದ್ದ ತಪ್ಪು."

"ಮ್ಯಾಲಿಂದು ಸಂಜೀದು" ಎಂದಳು ಗುಲ್ಜಾರಬಿ. "ಮೊದಲ ಬಂದದ್ದು ತಳದಾಗ ಇರತೈತಿ ನೋಡ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಮಕ್ತುಮಸಾಬನ ಕೈ ಅಲ್ಲೇ ನಿಂತಿತು. ತಳದಲ್ಲಿ ಏನಿದೆ ಎಂದು ಅವನಿಗೆ ಗೊತ್ತಿತ್ತು. ಬೆಳಗಿನ ನಮಾಜು ಮುಗಿಸಿ ಬಂದವನು, ಹೆಂಡತಿ ಆ ಕಡೆ ತಿರುಗಿದ್ದಾಗ ಹಾಕಿದ ಎರಡು ಖರ್ಜೂರ, ಒಂದು ಬೆಲ್ಲದ ಉಂಡೆ. ರಾತ್ರಿಯಿಡೀ ಉಪವಾಸ ಇದೆ, ಒಂದು ತುತ್ತಿಗೆ ಏನಾಗುತ್ತದೆ ಎಂದು ಅವನೂ ಅಂದುಕೊಂಡಿದ್ದ. ಗುಲ್ಜಾರಬಿ ಅದನ್ನು ಎತ್ತಿ ತೋರಿಸಲಿಲ್ಲ. ಬಕೀಟನ್ನು ಎತ್ತಿಕೊಂಡು ಹೋಗಿ ಆಡುಗಳ ಮುಂದೆ ಸುರಿದಳು. ಬೇರೆ ಯಾರಾದರೂ ಆಗಿದ್ದರೆ ಆ ಖರ್ಜೂರವನ್ನು ಗಂಡನ ಮುಖದ ಮುಂದೆ ಹಿಡಿದು ಹತ್ತು ವರ್ಷ ಆಡಿಕೊಳ್ಳುತ್ತಿದ್ದರು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಎಷ್ಟು ದೊಡ್ಡವಳು ಎಂದು ಮಕ್ತುಮಸಾಬನಿಗೆ ಅವತ್ತು ಕಂಡಿತು.

"ಇಲ್ಲಿ ಬ್ಯಾಡ" ಎಂದ ಅವನು. "ಇಲ್ಲಿದ್ರ ನಾವ ಕೊಲ್ತೀವಿ ಆಕೀನ್ನ."

ಮರುದಿನ ಇಬ್ಬರೂ ಸ್ಕೂಟರ್ ಹತ್ತಿ ಶಿರಗುಪ್ಪಿಗೆ ಹೋದರು. ಅಲ್ಲಿ ಗುಲ್ಜಾರಬಿಯ ತಮ್ಮ ಇಕ್ಬಾಲನ ಹೊಲ ಇದೆ. ಇಕ್ಬಾಲ ಬಂಗಾರದಂಥ ಮನುಷ್ಯ. ಅಕ್ಕ ಬರುತ್ತಾಳೆ ಎಂದು ಫೋನಿನಲ್ಲಿ ಕೇಳಿದ್ದೇ ತಡ, ತಗಡಿನ ಶೆಡ್ಡು ತೊಳೆಸಿ, ಫ್ಯಾನು ಹಾಕಿಸಿ, ಮೂಲೆಯಲ್ಲಿ ಒಂದು ಚೀಲ ಹುರುಳಿ ತಂದಿಟ್ಟಿದ್ದ.

"ಹುರುಳಿ ಯಾಕೋ?" ಎಂದು ಗುಲ್ಜಾರಬಿ ಕೇಳಿದಳು.

"ಮತ್ತ ಶಕ್ತಿ ಬರಬೇಕಲ್ಲ ಆಪಾ. ನಾಕು ದಿನಕ್ಕ ಹ್ಯಾಂಗ ಮಾಡ್ತೇನಿ ನೋಡು."

ಗುಲ್ಜಾರಬಿ ಅಂಗಳದ ಮಣ್ಣನ್ನು ಕಾಲಿನಿಂದ ಒತ್ತಿ ನೋಡಿದಳು. ಕರಿ ಎರೆಮಣ್ಣು, ಹಿಟ್ಟಿನಂತೆ ಸಣ್ಣಗೆ. ನೆಲಕ್ಕೆ ಬಿದ್ದ ಹುಲ್ಲು ತಿಂದರೆ ಮಣ್ಣೂ ಹೊಟ್ಟೆಗೆ ಹೋಗುತ್ತದೆ. "ಹೊತ್ತಿಗೆ ಸರಿಯಾಗಿ ಹುಲ್ಲು ಹಾಕವರು ಯಾರು?" ಎಂದು ಕೇಳಿದಳು.

"ಯಾರು ಅಂದ್ರ? ನಾವೆಲ್ಲಾ ಅದೀವಲ್ಲ. ಊರಿಗೆ ಊರ ಐತಿ."

ಅಲ್ಲಿಗೆ ಮುಗಿಯಿತು. ತಮ್ಮನ ಮನೆಯಲ್ಲಿ ಚಹಾ ಕುಡಿದು, ಅವನ ಮನಸ್ಸಿಗೆ ನೋವಾಗದ ಹಾಗೆ ನಾಲ್ಕು ಮಾತಾಡಿ ಗುಲ್ಜಾರಬಿ ಎದ್ದಳು. ಸ್ಕೂಟರಿನ ಹತ್ತಿರ ಬಂದು ಗಂಡನಿಗೆ ಅಂದಳು, "ಮುಗದಕ್ಕ ಹೋಗೂಣು. ದುರಗವ್ವನ ಮನಿಗೆ."

ಮಕ್ತುಮಸಾಬನಿಗೆ ಕಾಲು ಏಳಲಿಲ್ಲ. ಧಾರವಾಡದ ಆಚೆಯ ಮುಗದ ಊರಿನ ಬೀರಪ್ಪ, ದುರಗವ್ವ ಗಂಡಹೆಂಡತಿ ಎಂಟು ವರ್ಷದಿಂದ ಅವನಿಗೆ ಹುಲ್ಲು ಕೊಡುವವರು. ಬೀರಪ್ಪನ ತಕರಾರಿಲ್ಲ. ದುರಗವ್ವನ ಕೈ ಮಾತ್ರ ಅಂಥಿಂಥ ಬಿಗಿಯಲ್ಲ. ಹುಲ್ಲು ಹೇರಿ ಬೆವರಿಳಿಸಿಕೊಂಡು ಕುಳಿತವನಿಗೆ ಅರ್ಧ ಕಪ್ಪು ಚಹಾ ಕೊಡುವವಳು. "ಆ ಹೆಣ್ಣಮಗಳು ಕುಡಿಯೂ ನೀರೂ ಅಳದು ಕೊಡ್ತಾಳ, ಗುಲ್ಜಾರ."

"ಅದಕ್ಕ" ಎಂದಳು ಗುಲ್ಜಾರಬಿ, ಹಿಂದಿನ ಸೀಟಿನ ಮೇಲೆ ಕುಳಿತು ಸೆರಗು ಸಿಗಿಸಿಕೊಂಡಳು.

ದುರಗವ್ವ ಹಿತ್ತಿಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ಐವತ್ತೈದರ ಗಟ್ಟಿ ಮೈ, ಗಂಟು ಹಾಕಿದ ಹುಬ್ಬು. ಗುಲ್ಜಾರಬಿ ಎಲ್ಲ ಹೇಳಿ ಮುಗಿಸುವ ತನಕ ಕೆಲಸ ನಿಲ್ಲಿಸದೆ ಕೇಳಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮೊದಲ ಹೇಳ್ತೇನಿ, ನನಗ ಕುದುರಿ ಮ್ಯಾಲ ಪ್ರೀತಿ ಗೀತಿ ಏನಿಲ್ರಿ. ಎಮ್ಮಿ ಆದ್ರ ಹಾಲು ಕೊಡತೈತಿ. ಇನ್ನ ನೀವ ಹೇಳ್ರಿ. ಒಂದು ಸಲಕ್ಕ ಎಷ್ಟು ಹುಲ್ಲು? ನೀರು ಕಾಸಿದ್ದೋ, ತಣ್ಣಂದೋ? ಲದ್ದಿ ಹ್ಯಾಂಗಿದ್ರ ಛಲೋ, ಹ್ಯಾಂಗಿದ್ರ ಡಾಕ್ಟರಿಗೆ ಫೋನ್ ಹಚ್ಚಬೇಕು?"

ಮೂವತ್ತು ವರ್ಷದಲ್ಲಿ ಮಕ್ತುಮಸಾಬನ ಕುದುರೆಗಳನ್ನು ಸಾವಿರ ಮಂದಿ ಹೊಗಳಿದ್ದಾರೆ, ಮುದ್ದು ಮಾಡಿದ್ದಾರೆ, ಫೋಟೋ ಹಿಡಿದಿದ್ದಾರೆ. ಲದ್ದಿ ಹೇಗಿರಬೇಕು ಎಂದು ಕೇಳಿದವರು ಇವಳೊಬ್ಬಳೇ. ಅವನು ಒಂದೊಂದಾಗಿ ಹೇಳಿದ. ಅವಳು ಒಮ್ಮೆ ಕೇಳಿದ್ದನ್ನು ತಿರುಗಿ ಒಪ್ಪಿಸಿದಳು, ಒಂದೂ ತಪ್ಪಲಿಲ್ಲ.

"ಆತು. ಇನ್ನ ನಂದೊಂದು ಮಾತು. ಹದಿನೈದು ದಿನ ನೀವು ಈ ಕಡೆ ಬರಬಾರ್ದು. ಫೋನೂ ಮಾಡಬಾರ್ದು. ಕೆಟ್ಟಿದ್ರ ನಾ ಮಾಡ್ತೇನಿ. ನನ್ನ ಫೋನ್ ಬರಲಿಲ್ಲ ಅಂದ್ರ ಆರಾಮ ಅದಾಳಂತ ತಿಳಕೋರಿ."

"ನಾ ಯಾಕ ಬರಬಾರ್ದ್ರಿ ಅಕ್ಕಾರ? ಕುದುರಿ ನಂದಲ್ಲೇನು?"

"ನಿಮ್ಮ ಕಿಸೆ ನೋಡಕೋರಿ, ಸಾಬರ" ಎಂದಳು ದುರಗವ್ವ.

ಅವನು ಬಗ್ಗಿ ನೋಡಿದ. ಜುಬ್ಬಾದ ಕಿಸೆಯ ಅಂಚಿನಲ್ಲಿ ಇರುವೆ ಸಾಲು ಹಿಡಿದು ಒಳಗೆ ಇಳಿಯುತ್ತಿದ್ದವು. ಹಳೆಯ ಬೆಲ್ಲದ ಪುಡಿ, ಹದಿನೈದು ವರ್ಷದ ರೂಢಿ. ಗುಲ್ಜಾರಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೀರಪ್ಪ ಏನೋ ಕೆಲಸ ನೆನಪಾದವನಂತೆ ಒಳಗೆ ಹೋದ.

ಜಯಾಳನ್ನು ಕೇಳಿ, ಅವಳು ಹೂಂ ಎಂದ ಮೇಲೆ ಮರುದಿನವೇ ಚಮೇಲಿಯನ್ನು ಟೆಂಪೋದಲ್ಲಿ ನಿಧಾನ ಮುಗದಕ್ಕೆ ಕರೆದೊಯ್ದು ಬಿಟ್ಟರು. ತಿರುಗಿ ಬರುವಾಗ ಮಕ್ತುಮಸಾಬ ಧಾರವಾಡ ದಾಟುವ ತನಕ ಹಿಂದೆ ತಿರುಗಿ ತಿರುಗಿ ನೋಡಿದ. ಅವನನ್ನು ಕೊರೆಯುತ್ತಿದ್ದದ್ದು ಕುದುರೆಯ ಹೊಟ್ಟೆ ಒಂದೇ ಅಲ್ಲ. ತಿನ್ನಿಸುವ ಕೈ ಇಲ್ಲದಿದ್ದರೆ ಅದು ತನ್ನನ್ನು ಮರೆತೇ ಬಿಟ್ಟರೆ? ಅದನ್ನು ಯಾರ ಮುಂದೆಯೂ ಹೇಳಲಿಕ್ಕಾಗದು, ಅರವತ್ತೆರಡು ವರ್ಷದ ಗಂಡಸು ನಗೆಗೀಡಾಗುತ್ತಾನೆ.

ಆ ಹದಿನೈದು ದಿನ ಫೋನು ಅವನಿಗೆ ಹಾವಾಯಿತು. ರಿಂಗಾದರೆ ಸಾಕು, ಕುಳಿತಲ್ಲಿಂದ ಏಳುವನು. ಸಾಲದ ಕಂಪನಿಯವರು, ಬ್ಯಾಂಕಿನವರು, ತಪ್ಪು ನಂಬರಿನವರು ಎಲ್ಲರೂ ಅದೇ ವಾರ ಮಾಡಬೇಕೇ? ಕೊನೆಗೆ ಫೋನನ್ನು ಗುಲ್ಜಾರಬಿಯ ಕೈಗೆ ಕೊಟ್ಟು, "ಮುಗದ ಅಂದ್ರ ಅಷ್ಟ ನನಗ ಹೇಳು" ಎಂದ. ಮುಗದದಿಂದ ಫೋನು ಬರಲಿಲ್ಲ.

ಒಂಬತ್ತನೆಯ ದಿನ ಬೀರಪ್ಪ ಹುಬ್ಬಳ್ಳಿ ಮಾರ್ಕೆಟ್ಟಿಗೆ ಬಂದವನು ಓಣಿಗೂ ಬಂದ. ಅವನು ಹೇಳಿದ್ದನ್ನು ಮಕ್ತುಮಸಾಬ ಮೂರು ಸಲ ಹೇಳಿಸಿಕೊಂಡು ಕೇಳಿದ. ದುರಗವ್ವನ ಮನೆಯ ಹಿಂದೆಯೇ ಸರಕಾರಿ ಸಾಲಿ. ಸಾಲಿಯ ಗಂಟೆಗೆ ಹುಲ್ಲು ಕಟ್ಟಿದ್ದಾಳೆ: ಪ್ರಾರ್ಥನೆ ಗಂಟೆಗೊಂದು, ಸಣ್ಣ ಬಿಡುವಿಗೊಂದು, ಊಟದ ಗಂಟೆಗೊಂದು, ಸಾಲಿ ಬಿಟ್ಟಾಗ ಒಂದು. ಉಳಿದೆರಡು ಹೊತ್ತು ಮೂಡುವಾಗ, ಮುಳುಗುವಾಗ. ರವಿವಾರ ಗಂಟೆ ಇಲ್ಲವಲ್ಲ, ಬೇವಿನ ಮರದ ನೆರಳು ನೋಡಿ ಹಾಕುತ್ತಾಳೆ. ಪ್ರತಿ ಸಲವೂ ಹುಲ್ಲು ತೊಳೆದು, ಹಿಂಡಿ, ನೆಲಕ್ಕೆ ತಾಗದಂತೆ ಬುಟ್ಟಿಯಲ್ಲಿ ಇಡುತ್ತಾಳೆ. ಲದ್ದಿ ಬಿದ್ದಾಗಲೊಮ್ಮೆ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ.

"ನಿನ್ನೆ ಬಾಜೂ ಮನಿ ಹೆಣ್ಣಮಗಳು ಒಂದು ರೊಟ್ಟಿ ಹಿಡಕೊಂಡು ಬಂದಿದ್ಲು ನೋಡ್ರಿ" ಎಂದ ಬೀರಪ್ಪ. "ಒಂದ ತುತ್ತು ಅಂದ್ಲು. ನಮ್ಮಾಕಿ ಆ ರೊಟ್ಟೀನ ಆಕಿ ಕೈಯಾಗ ಕೊಟ್ಟು, 'ನೀನ ತಿನ್ನು, ನಿಂತ ತಿನ್ನು' ಅಂತ ಪೂರಾ ತಿನಿಸಿ ಕಳಿಸಿದ್ಲು. ಇವತ್ತ ಊರಾಗ ಯಾರೂ ನಮ್ಮ ಹಿತ್ತಲದ ಕಡೆ ಹಾದಿಲ್ರಿ."

ಮಕ್ತುಮಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ, ನಕ್ಕು ಕಣ್ಣೊರೆಸಿಕೊಂಡ. ಇಂಥ ಹೆಂಗಸನ್ನು ಎಂಟು ವರ್ಷ ಜಿಪುಣಿ ಎಂದು ಬೈದುಕೊಂಡು ತಿರುಗಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಕೊಡುವುದು ಯಾರಿಗೂ ಬರುತ್ತದೆ. ಎದುರಿಗೆ ನಿಂತ ಜೀವ ಬಾಯಿ ತೆರೆದು ಕೇಳುವಾಗ, ಅದರ ಒಳ್ಳೆಯದಕ್ಕೇ ಕೈ ಹಿಡಿದುಕೊಳ್ಳುವುದು ಎಲ್ಲರಿಗೂ ಬರುವುದಿಲ್ಲ.

ಹದಿನಾರನೆಯ ದಿನ ಬೆಳಗ್ಗೆ ಮಕ್ತುಮಸಾಬ ಒಗೆದ ಜುಬ್ಬಾ ಹಾಕಿಕೊಂಡು, ಎರಡೂ ಕಿಸೆ ಹೊರಗೆಳೆದು ಹೆಂಡತಿಗೆ ತೋರಿಸಿದ. ಟೆಂಪೋ ಹೇಳಿ ಆಗಿತ್ತು. ಚಮೇಲಿ ಬರುತ್ತದೆಂದು ಓಣಿಯಲ್ಲಿ ಹಬ್ಬದ ಗದ್ದಲ. ಧಾರವಾಡದಲ್ಲಿ ಜಯಾಳೂ ಇವರ ಜೊತೆಗೂಡಿದಳು.

ದುರಗವ್ವನ ಹಿತ್ತಿಲಲ್ಲಿ ನಿಂತ ಕುದುರೆಯನ್ನು ಕಂಡು ಮಕ್ತುಮಸಾಬ ಮೊದಲು ಗಾಬರಿಯಾದ. ತೆಳ್ಳಗಾಗಿತ್ತು. ಜೋತುಬಿದ್ದ ಹೊಟ್ಟೆ ಮೇಲಕ್ಕೆ ಸೇರಿತ್ತು. ಆಮೇಲೆ ಕಣ್ಣು ನೋಡಿದ, ಕೂದಲು ನೋಡಿದ, ಕಾಲು ಊರುವ ರೀತಿ ನೋಡಿದ. ಇಷ್ಟು ಚೆಂದದ ಚಮೇಲಿಯನ್ನು ಅವನು ಐದಾರು ವರ್ಷದಿಂದ ಕಂಡಿರಲಿಲ್ಲ. ಜಯಾ ಎರಡೂ ಪಕ್ಕೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಆಲಿಸಿದಳು. ಗೋಡೆಯ ಮೇಲಿನ ಗೆರೆಗಳನ್ನು ನೋಡಿದಳು. "ಅಜ್ಜೀ ಕಾಲದ ಗಡಿಯಾರ ನಡದಂಗ ನಡದದ ಹೊಟ್ಟಿ. ನಮ್ಮ ದವಾಖಾನ್ಯಾಗ ಇಟ್ಟಿದ್ರೂ ಇಷ್ಟು ಛಲೋ ಆಗ್ತಿದ್ದಿಲ್ಲ. ಒಯ್ಯಬಹುದು ಕಾಕಾ" ಎಂದಳು.

ಮಕ್ತುಮಸಾಬ ಹತ್ತಿರ ಹೋಗಿ ಎರಡೂ ಅಂಗೈ ಚಾಚಿದ. ಚಮೇಲಿ ಮೂಸಿತು. ಒಂದು ಕೈ, ಇನ್ನೊಂದು ಕೈ, ಕಿಸೆ. ಏನೂ ಇಲ್ಲ. ಅವನು ಉಸಿರು ಬಿಗಿ ಹಿಡಿದು ನಿಂತ. ಕುದುರೆ ಮೂತಿಯನ್ನು ಅವನ ಖಾಲಿ ಅಂಗೈಯಲ್ಲಿ ಇಟ್ಟು ಸುಮ್ಮನೆ ನಿಂತುಕೊಂಡಿತು. ಅಷ್ಟರಲ್ಲಿ ಸಾಲಿಯ ಬಿಡುವಿನ ಗಂಟೆ ಬಾರಿಸಿತು. ಚಮೇಲಿ ಅವನನ್ನು ಅಲ್ಲೇ ಬಿಟ್ಟು ಬುಟ್ಟಿಯ ಕಡೆ ನಡೆಯಿತು. ಅದು ಹುಲ್ಲು ಅಗಿಯುವ ಸಪ್ಪಳ ಕೇಳುತ್ತ ಮಕ್ತುಮಸಾಬ ಸಂತೋಷದಿಂದ ನಿಂತ.

ಗುಲ್ಜಾರಬಿಯ ಕೈಯಲ್ಲಿದ್ದ ಫೋನು ರಿಂಗಾಯಿತು. ಓಣಿಯ ಯಾಸ್ಮಿನ. ಅವಳ ದನಿ ಎಲ್ಲರಿಗೂ ಕೇಳುವಷ್ಟು ದೊಡ್ಡದು. "ಚಾಚಿ, ಎಲ್ಲೀ ತನಕ ಬಂದ್ರಿ? ಎಲ್ಲಾರೂ ಸೇರಿ ಗೋಧಿ ಹುಗ್ಗಿ ಮಾಡೇವಿ. ಡಾಕ್ಟರು ಹೇಳಿದ್ದು ನೆನಪೈತಿ, ಹೆಚ್ಚೇನಿಲ್ಲ, ಚಮೇಲಿಗೆ ಒಂದ ತಾಟು ತಗದಿಟ್ಟೇವಿ."

ಗುಲ್ಜಾರಬಿ ಗಂಡನ ಮುಖ ನೋಡಿದಳು. ಈ ಸಲ ನಿರ್ಧಾರ ಅವನದೇ ಎಂಬಂತೆ ಫೋನು ಇಳಿಸಿದಳು. ಮಕ್ತುಮಸಾಬ ಹಗ್ಗ ಬಿಚ್ಚಲು ಹೋದವನು ಗೂಟದ ಹತ್ತಿರ ಸ್ವಲ್ಪ ಹೊತ್ತು ಕುಕ್ಕುರುಗಾಲಲ್ಲಿ ಕುಳಿತ. ಆಮೇಲೆ ಗಂಟನ್ನು ಇನ್ನೊಂದು ಸುತ್ತು ಬಿಗಿದು ಎದ್ದ.

"ಅಕ್ಕಾರ, ಕುದುರಿಗೆ ಆರಾಮ ಆಗೇತಿ. ನಮ್ಮ ಓಣಿಗೆ ಇನ್ನೂ ಆಗಿಲ್ಲ. ಅಲ್ಲಿ ಈಕಿ ಮ್ಯಾಲ ಪ್ರೀತಿ ಇಲ್ಲದವರು ಒಬ್ಬರೂ ಇಲ್ರಿ. ಇನ್ನ ಹದಿನೈದು ದಿನ ನಿಮ್ಮಲ್ಲೇ ಇರ್ಲಿ, ಅಷ್ಟರಾಗ ನಾ ಅವರ ಕೈಗೆ ಬುದ್ಧಿ ಕಲಸ್ತೇನಿ. ಮೊದಲ ನನ್ನ ಕೈಗೆ."

ದುರಗವ್ವ ಕೂಡಲೇ ಹೂಂ ಅನ್ನಲಿಲ್ಲ. ಬುಟ್ಟಿಯ ಕಡೆ ನೋಡಿದಳು, ಗೋಡೆಯ ಕಡೆ ನೋಡಿದಳು, ಹುಬ್ಬು ಇನ್ನಷ್ಟು ಗಂಟಾಯಿತು. "ಇವತ್ತ ಒಯ್ದುಬಿಡ್ರಿ ಸಾಬರ, ಛಲೋ ಇತ್ತು" ಎಂದಳು. "ಮುಂಜಾನಿ ನೋಡಿದ್ರ ನನ್ನ ಕೈ ಒಂದು ಹಿಡಿ ಹುಲ್ಲು ಹೆಚ್ಚ ಹಾಕಿತ್ತು. ನನಗ ಗೊತ್ತಿಲ್ಲದಂಗ. ತಿರುಗಿ ತಗದೆ. ಆದ್ರ ಹಾಕಿತ್ತು."

"ನಿಮ್ದು ಒಂದ ಕೈ ಅಕ್ಕಾರ, ಹಾಕಿದ್ರೂ ತಿರುಗಿ ತಗೀತೈತಿ" ಎಂದ ಮಕ್ತುಮಸಾಬ. "ನಮ್ಮಲ್ಲಿ ನಲವತ್ತು ಮನಿ."

ಅವಳು ಅವನ ಕೈಯಿಂದ ಹಗ್ಗದ ತುದಿ ತೆಗೆದುಕೊಂಡಳು. ಕುದುರೆಯ ಕುತ್ತಿಗೆಗೆ ಹತ್ತಿದ ಹುಲ್ಲಿನ ಎಸಳನ್ನು ಕಿತ್ತು ಒಗೆದಳು, ಕೈ ಮಾತ್ರ ಕುತ್ತಿಗೆಯ ಮೇಲೆಯೇ ಉಳಿಯಿತು.

"ಆತು. ಹದಿನೈದು ದಿನ ಅಂದ್ರ ಹದಿನೈದು ದಿನ" ಎಂದಳು ದುರಗವ್ವ. "ಹದಿನಾರನೇ ದಿನ ತಪ್ಪದ ಬರ್ರಿ. ಅವತ್ತ ನಾ ಬ್ಯಾಡ ಅಂದ್ರೂ ಕೇಳಬ್ಯಾಡ್ರಿ, ಒಯ್ದುಬಿಡ್ರಿ."